ಜೀಪಿನ ಕೆಳಗಿನಿಂದ ಕುದುರೆಮುಖ

ಕಳಸ, ಭಾನುವಾರ

ಅಬೀದಾ ಆಪಾ, ಸಲಾಂ.

‘ಗ್ಯಾರೇಜ್ ಮರ್ತು ಎರಡ ದಿನ ಅಡವ್ಯಾಗ ನಡದ ಬಾ, ಬೆನ್ನು ಛಲೋ ಆಗ್ತೈತಿ’ ಎಂದು ನೀನೂ ಡಾಕ್ಟರೂ ಸೇರಿ ನನ್ನನ್ನು ಕುದುರೆಮುಖದ ಚಾರಣಕ್ಕೆ ಅಟ್ಟಿದಿರಲ್ಲ, ಕಾಡು ತಲುಪಿದೆ. ಕಾಲುದಾರಿ ಶುರುವಾಗುವಲ್ಲಿ ನಮ್ಮನ್ನು ಇಳಿಸಿದ ಜೀಪಿನ ಗೇರ್‌ಬಾಕ್ಸಿನಿಂದ, ಹಳೇ ಹುಬ್ಬಳ್ಳಿಯಲ್ಲಿ ದಿನವೂ ಕೇಳುವ ಅದೇ ಕರಕರ ಸದ್ದು ಬಂತು. ಸುಮ್ಮನೆ ನಡೆದುಬಿಡಬಹುದಿತ್ತು. ‘ಒಂದ ನಿಮಿಷ ನೋಡ್ತೇನ್ರಿ’ ಎಂದು ಡ್ರೈವರನಿಗೆ ಹೇಳಿ ಜೀಪಿನ ಕೆಳಗೆ ತೂರಿದೆ. ಹೊರಬಂದಾಗ ಜೊತೆಯವರು ಶಿಖರ ನೋಡಿ ಇಳಿದು ಬರುತ್ತಿದ್ದರು. ಬಹಳ ಚೆಂದವಿದೆಯಂತೆ.

ಬೆನ್ನುನೋವು ಮಾತ್ರ ಖರೇ ಕಡಿಮೆಯಾಗಿದೆ. ದಿನವಿಡೀ ಅಂಗಾತ ಮಲಗಿದ್ದೆನಲ್ಲ. ಬಸ್ಸಿಗೆ ಹೊತ್ತಾಯಿತು. ಡಾಕ್ಟರಿಗೆ ಈ ಕಾರ್ಡು ತೋರಿಸುವುದಾದರೆ, ಮೂಲೆಯಲ್ಲಿರುವ ಕಪ್ಪು ಬೆರಳಚ್ಚು ಕಾಡಿನ ಮಣ್ಣೆಂದು ಹೇಳು.

ನಿನ್ನ ತಮ್ಮ,
ಮುಜಾಫರ