ಹಳದಿ ವೇಷದ ಮೂರೆಲೆ

ಕೊಟ್ಟಿಗೆಯ ಪಕ್ಕದ ಕೋಣೆ,
ಭಾನುವಾರ

ಮಹಾಜನಗಳೇ! ಬಾಗಿಲಲ್ಲಿ ನಿಂತವರು ಒಳಗೆ ಬನ್ನಿ, ಮಕ್ಕಳು ಮುಂದೆ ಕೂರಲಿ, ತಮ್ಮನ ಮಾವನವರಿಗೆ ಯಾರಾದರೂ ಕುರ್ಚಿ ಹಾಕಿ!

ಪ್ರೀತಿಯ ತಮ್ಮಾ, ಪತ್ರ ನಿನಗೇ, ಆದರೆ ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದು. ನಡುವೆ ಕೆಮ್ಮಿ ಸಾಲು ನುಂಗಬೇಡ. ಅಂದಹಾಗೆ, ಆ ಕೆಮ್ಮು ಹೇಗಿದೆ? ಮಗುವಿಗೆ ಹಲ್ಲು ಬಂತೇ? ನಾವಿಲ್ಲಿ ಕ್ಷೇಮ. ನನ್ನ ಮಂಡಿ ಮಾತ್ರ ಮುಷ್ಕರ ಹೂಡಿದೆ. ಅದಕ್ಕೆ ಕಾರಣ ನೀನೇ.

ನೀನು ಮಾವನ ಮನೆಗೆ ಹೊರಟ ದಿನ ನಮ್ಮ ಹುಲ್ಲುಗಾವಲು ತೋರಿಸಿ, "ಅಣ್ಣಾ, ಅಮ್ಮ ಎತ್ತಿಟ್ಟಿದ್ದ ಕ್ಲೋವರ್ ಮೇವಿನ ಬೀಜ ಪೂರ್ತಿ ಬಿತ್ತಿದೀನಿ. ಮೂರೆಲೆ ಬಂದ್ರೆ ಅದೇ ಅಂತ ತಿಳ್ಕೋ" ಎಂದೆ. ನಮ್ಮ ನಾಟಕ ಕಂಪನಿ ಮುಚ್ಚಿದಾಗ ಪರದೆಯ ಕೆಂಪು ಮಖಮಲ್ಲು ಕತ್ತರಿಸಿ ಅಮ್ಮ ಹೊಲಿದಿದ್ದ ಚೀಲ, ಅದರ ತುಂಬ ಬೀಜ! ಮೂರೆಲೆಯೂ ಬಂತು, ಚಾಪೆ ಹಾಸಿದಂತೆ ನೆಲಕ್ಕೆ ಕಚ್ಚಿಕೊಂಡು. ಅದಕ್ಕೆ ಜಾಗವಾಗಲೆಂದು ಮಂಡಿಯೂರಿ ಒಳ್ಳೆಯ ಹುಲ್ಲನ್ನೇ ಕಿತ್ತೆ. ನೆರೆಯವರ ಮೇಕೆಗಳಿಗೆ ರೌದ್ರಾವತಾರ ತೋರಿಸಿದೆ. ಅಮ್ಮನ ಕ್ಲೋವರ್‌ಗೆ ಬಿಳಿ ಹೂವಲ್ಲವೇ, ಹಳದಿ ಬಂದಾಗ ಫೋನ್ ಮಾಡಿದೆನಲ್ಲ, ಏನಂದೆ ನೀನು? "ಮೊದಲ್ನೇ ಸಲ ಹಳದೀನೇ ಅಣ್ಣಾ, ಆಮೇಲೆ ಬಿಳಿ." ನಾನೋ, ವೇಷ ಬದಲಿಸಿಯೇ ಬದುಕಿದವನು. ಮೊದಲ ಅಂಕಕ್ಕೆ ಹಳದಿ, ಎರಡನೆಯದಕ್ಕೆ ಬಿಳಿ ಎಂದು ನಂಬಿಬಿಟ್ಟೆ! ಬಂದವರಿಗೆಲ್ಲ ಅದನ್ನೇ ಭಾಷಣ ಬಿಗಿದೆ.

ನಿನ್ನ ಅತ್ತಿಗೆ ಹಸು ಸಾಕಿದ ಮನೆಯಲ್ಲಿ ಬೆಳೆದವಳು. ನಿನ್ನೆ ಒಂದು ಕುಡಿ ಚಿವುಟಿ ನನ್ನ ಕನ್ನಡಕದೆದುರು ಹಿಡಿದಳು. "ರೀ ಮಹಾರಾಜರೇ, ನಡುವಿನ ಎಲೆ ನೋಡಿ, ಅದಕ್ಕೆ ಮಾತ್ರ ಪುಟ್ಟ ತೊಟ್ಟಿದೆ. ಕ್ಲೋವರ್‌ಗೆ ಮೂರೂ ಒಂದೇ ಕಡೆ ಕೂಡಿರುತ್ತೆ. ಹೂ ಉದುರಿದ ಕಡೆ ಕರೀ ಬೀಜ ಸುರುಳಿ ಸುತ್ಕೊಂಡಿದೆ. ಇದು ಕಳೆ ಕಣ್ರೀ, ಯಾರೂ ಬಿತ್ತಿದ್ದಲ್ಲ."

ಆಗಲೂ ನಿನ್ನ ಪರವಾಗಿಯೇ ವಾದಿಸಿದೆ, ಬೀಜ ಹಕ್ಕಿ ತಿಂದವೇನೋ ಎಂದು. ಅವಳು ಗೋಡೆಯ ಫೋಟೋ ತೆಗೆದು ಕೈಗಿಟ್ಟಳು. ನಿನ್ನ ಹೆಂಡತಿ ಪ್ರೀತಿಯಿಂದ ಕಳಿಸಿದ್ದು. ಮಗು ನಿನ್ನ ಮಾವನ ಹುಲ್ಲುಗಾವಲಲ್ಲಿ ನಗುತ್ತಿದೆ. ಸುತ್ತ ಕಣ್ಣು ಹಾಯುವಷ್ಟು ದೂರ ಬಿಳಿ ಹೂ. ಕೂತಿರುವುದು ಕೆಂಪು ಮಖಮಲ್ಲಿನ ಬರಿದಾದ ಚೀಲದ ಮೇಲೆ. ಆ ಫೋಟೋಗೆ ದಿನಾ ಮುತ್ತಿಡುತ್ತಿದ್ದೆ, ಮಗುವನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ.

ಕೇಳಿದ್ದರೆ ಕೊಡುತ್ತಿರಲಿಲ್ಲವೇ? ತಲೆಯ ಮೇಲೆ ಹೊತ್ತು ತಂದು ಕೊಡುತ್ತಿದ್ದೆ! ಬೀಜ ಹೋಗಲಿ. "ಆಮೇಲೆ ಬಿಳಿ" ಎಂದಾಗ ನಿನ್ನ ಧ್ವನಿ ನಡುಗಲೂ ಇಲ್ಲವಲ್ಲ. ರಂಗದ ಮೇಲೆ ನಿನಗೆ ಒಂದು ಸಾಲೂ ನೆಟ್ಟಗೆ ಬರುತ್ತಿರಲಿಲ್ಲ, ಪರದೆಯ ಮರೆಯಿಂದ ನಾನೇ ಹೇಳಿಕೊಡಬೇಕಿತ್ತು. ಈ ಸಾಲೊಂದನ್ನು ಮಾತ್ರ ನೀನೇ ಹೇಳಿದೆ.

ಮಾವನವರಿಗೆ ನಮಸ್ಕಾರ, ಮಗುವಿಗೆ ಮುತ್ತು. ನಿನಗೂ ಆಶೀರ್ವಾದ. ಹಾಳಾದ್ದು, ಕೈ ತಾನಾಗಿಯೇ ಬರೆಯುತ್ತದೆ.

ನಿನ್ನ ಅಣ್ಣ

ಮರೆತೆ: ಪತ್ರವನ್ನು ಹಾಲಿನ ವ್ಯಾನಿನವನ ಕೈಲಿ ಈಗಲೇ ಕಳಿಸುತ್ತಿದ್ದೇನೆ. ನಮ್ಮ ಹಸು ಕೆಂದಿಯ ಹಾಲು ಇಳಿದಿದೆ, ಪಕ್ಕೆಯ ಎಲುಬು ಕಾಣುತ್ತಿವೆ. ನಾಳೆ ಬೆಳಿಗ್ಗೆ ಅವಳನ್ನು ಹೊಡೆದುಕೊಂಡು ಅಲ್ಲಿಗೇ ಬರುತ್ತೇನೆ. ಗೇಟು ನೀನೇ ತೆಗೆಯಬೇಕು. ಅವಳು ಮೇದು ಮುಗಿಸುವ ತನಕ ನಾನು ಅಮ್ಮನ ಚೀಲದ ಮೇಲೆ ಕೂತಿರುತ್ತೇನೆ.