ನಕ್ಕವರು ಹಂಚಿನ ಮುಂದೆ

ನನಗೆ ಕನ್ನಡ ಕಲಿಸಿದ ಅತ್ತೆಯವರಿಗೆ,

ಬಸವಕಲ್ಯಾಣದ ನಿಮ್ಮ ಅಡುಗೆಮನೆ ನೆನಪಾಗುತ್ತಿದೆ. ಗಡಿಯಾಚೆಯಿಂದ ಸೊಸೆಯಾಗಿ ಬಂದ ನನಗೆ ಮರಾಠಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿಯುವಾಗ ನನ್ನನ್ನೂ ನಡುವೆ ಕೂಡಿಸಿಕೊಂಡಿರಿ. ಮಾತಾಡು ಎಂದು ಒತ್ತಾಯಿಸಲಿಲ್ಲ. ವಾರಗಟ್ಟಲೆ ಬರೀ ಕೇಳುತ್ತ ಕೂತೆ. ಒಂದು ದಿನ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ನೀರು ಕೇಳಿದಾಗ ನಾದಿನಿ ಕಿಸಕ್ಕನೆ ನಕ್ಕಳು.

"ನಗಾಕತ್ತೀಯೇನ? ಏಳು, ಹಂಚಿನ ಮುಂದ ಕೂಡು. ಮಾತು ಕಲಿಯೋರನ್ನ ನೋಡಿ ನಕ್ಕೋರು ಈ ಮನ್ಯಾಗ ರೊಟ್ಟಿ ಸುಡಬೇಕು" ಎಂದಿರಿ. ಆಮೇಲೆ ನನಗೆ, "ನೀರು ಬೇಕೇನವಾ? ತಗೋ, ಕುಡಿ" ಎಂದು ಚರಿಗೆ ಕೊಟ್ಟಿರಿ. ನನ್ನ ತಪ್ಪನ್ನು ತಿದ್ದಲಿಲ್ಲ. ಸರಿಯಾದ ಮಾತು ನೀರಿನ ಜೊತೆಗೇ ಬಂತು. ಮುಂದೆ ನಾನು ಓದಿದ ಪುಸ್ತಕಗಳೆಲ್ಲ ಆ ಚರಿಗೆಯಿಂದಲೇ...

ಈಗ ಹುಮನಾಬಾದಿನಲ್ಲಿ ಮಗನ ಜೊತೆ ಇದ್ದೇನೆ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಬೇಕೆಂದು ಮೊಮ್ಮಗಳ ಶಾಲೆಯವರು ಹೇಳಿದರಂತೆ. "ಅವ್ವಾ, ಆಕಿ ಜೋಡಿ ಕನ್ನಡ ಬ್ಯಾಡ. ಇಂಗ್ಲಿಷ್ ಬರಲಿಲ್ಲಂದ್ರ ಸುಮ್ನಿರು" ಎಂದ ನಿಮ್ಮ ಮೊಮ್ಮಗ. ದಿನಾ ಇಂಗ್ಲಿಷ್ ಪತ್ರಿಕೆ ಓದುವ ನನಗೆ ಮಾತಾಡಲು ಹೋದರೆ ಪದಗಳು ಹಿಂದುಮುಂದಾಗುತ್ತವೆ. ಸೊಸೆಯೂ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿ, ಅಲ್ಲೇ ನುಂಗುತ್ತಾಳೆ. ಮಗು ಒಂದು ಪದ ಎತ್ತಿದರೆ ಸಾಕು, ಅಪ್ಪ ತಿದ್ದುತ್ತಾನೆ. ಹೋದ ವಾರ ಬೇಳೆಯಲ್ಲಿ ಉಪ್ಪೇ ಇರಲಿಲ್ಲ. ಕೇಳಲು ಹೆದರಿ ಮಗು ಸಪ್ಪೆ ಅನ್ನವನ್ನೇ ಉಂಡೆದ್ದಿತು. ಈಗ ನಾವಿಬ್ಬರೇ ಇದ್ದಾಗಲೂ ಅದರ ಬಾಯಲ್ಲಿ ಕನ್ನಡವಿಲ್ಲ. ಹೊಸ ಭಾಷೆ ಕೊಡುತ್ತೇವೆಂದು ಇದ್ದ ಭಾಷೆಯನ್ನೂ ಕಿತ್ತುಕೊಳ್ಳುವುದು ಯಾವ ಸೀಮೆಯ ಶಿಕ್ಷಣ? ಇಂಗ್ಲಿಷಿನ ಮೇಲೆ ನನಗೇನು ಸಿಟ್ಟು? ಕಲಿಯಲಿ. ಆದರೆ ಹೆದರಿದ ನಾಲಿಗೆ ಯಾವ ಭಾಷೆಯನ್ನು ತಾನೇ ಕಲಿತೀತು? ಬಸ್ಸು ಹತ್ತಿ ಕಲ್ಯಾಣಕ್ಕೆ ಬಂದುಬಿಡಬಹುದಿತ್ತು. ಈ ಮೌನದಲ್ಲಿ ಮೊಮ್ಮಗಳೊಬ್ಬಳನ್ನೇ ಬಿಟ್ಟು ಹೇಗೆ...

ನಿನ್ನೆ ಸಂಜೆ ರೊಟ್ಟಿ ಮಾಡುವಾಗ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ನಾಚಿಕೆ ಬಿಟ್ಟು, "ರೊಟ್ಟಿ ವೆರಿ ಹಾಟ್, ಹ್ಯಾಂಡ್ ನೋ ಪುಟ್" ಎಂದೆ. ಕಿಲಕಿಲ ನಕ್ಕಳು. ತಿಂಗಳುಗಳ ಮೇಲೆ ಕೇಳಿದ ನಗು! "ನಕ್ಕಿಯಲ್ಲಾ? ಇನ್ನ ರೊಟ್ಟಿ ಸುಡು ಬಾ" ಎಂದು ನಿಮ್ಮ ಕಾನೂನು ಹೇಳಿಕೊಟ್ಟೆ. ಅವಳ ಕೈ ಹಿಡಿದು ಇಬ್ಬರೂ ರೊಟ್ಟಿ ಸುಟ್ಟೆವು.

ಊಟಕ್ಕೆ ಕೂತಾಗ ಅವಳು ನನ್ನತ್ತ ನೋಡಿ, "ಅಜ್ಜಿ, ಸಾಲ್ಟ್ ಗಿವ್" ಎಂದಳು. "ಎಸ್, ಸಾಲ್ಟ್. ಟೇಕ್ ದಿ ಸಾಲ್ಟ್" ಎಂದು ಡಬ್ಬಿ ಸರಿಸಿದೆ. ಮಗ ನಕ್ಕುಬಿಟ್ಟ. ಅವಳು ಎದ್ದು ನಿಂತು ಅಡುಗೆಮನೆಯ ಕಡೆ ಬೆರಳು ತೋರಿಸಿದಳು: "ಪಪ್ಪಾ, ನಕ್ಕೋರು ಹಂಚಿನ ಮುಂದ! ಏಳ್ರಿ!"

ಎದ್ದ, ಅತ್ತೆಯವರೇ. ಅವನ ರೊಟ್ಟಿ ಸೀದುಹೋಗಿತ್ತು. ಅವಳು ಅದನ್ನೇ ಬೇಡಿ ತಿಂದಳು.

ಇಂದು ಬೆಳಿಗ್ಗೆ ಮನೆ ಮತ್ತೆ ಮೌನ. ಶಾಲೆಯ ನಿಯಮ ಇನ್ನೂ ಹಾಗೇ ಇದೆ. ಆದರೆ ಸಂಜೆ ರೊಟ್ಟಿಯ ಹೊತ್ತಿಗೆ ಈ ಮನೆಯಲ್ಲಿ ನಿಮ್ಮ ಕಾನೂನೇ ನಡೆಯುತ್ತದೆ. ಹಿಟ್ಟು ಸೋಸಿಟ್ಟಿದ್ದೇನೆ.

ನಿಮ್ಮ ಸೊಸೆ