ಮಾವ ಸಾಯದ ಸಿನಿಮಾ

ನ್ಯೂ ಟೌನ್, ಭದ್ರಾವತಿ
ಶನಿವಾರ ಬೆಳಿಗ್ಗೆ

ನನ್ನ ಮುದ್ದು ಅಮ್ಮಾ,

ಕಾನ್ವೆಂಟ್ ಹುಡುಗಿ ಕನ್ನಡದಲ್ಲಿ ಕಾಗದ ಬರೆದಿದ್ದಾಳೆಂದು ನಗಬೇಡ. ಫೋನ್ ಮಾಡಿದರೆ ಅಪ್ಪ ಟಿವಿ ಸೌಂಡ್ ಕಡಿಮೆ ಮಾಡಿ ಕಿವಿ ಕೊಡುತ್ತಾರೆ. ಇದು ನಿನಗೆ ಮಾತ್ರ. ಮಧು ಶಿವಮೊಗ್ಗಕ್ಕೆ, ನಿಮ್ಮ ಕೋಟೆ ಕಡೆ ಬಂದಾಗ ಕೊಡುತ್ತಾರೆ. ನಿನ್ನ ಆ ಅಳಿಯನ ಬಗ್ಗೆ ಶುರು ಮಾಡಿದರೆ ಹಾಳೆ ಸಾಲುವುದಿಲ್ಲ, ಅದಕ್ಕೇ ಮಾವನ ಬಗ್ಗೆ ಬರೆಯುತ್ತೇನೆ.

"ಸಿನಿಮಾದಲ್ಲಿ ದಿನಾ ಸಾಯೋನ ಮನೆಗೆ ನನ್ನ ಮಗಳಾ?" ಎಂದಿದ್ದರಲ್ಲ ಅಪ್ಪ? ಮದುವೆ ಊಟ ಮುಗಿಸಿ ಹೋದವರು ಇವತ್ತಿಗೂ ಈ ಮನೆ ಮೆಟ್ಟಿಲು ಹತ್ತಿಲ್ಲ. ಆದರೆ ಅವರು ಹೇಳಿದ್ದು ನಿಜವೇ. ಮಾವ ನಾಲ್ಕು ಭಾಷೆಗಳಲ್ಲಿ ಸತ್ತಿದ್ದಾರೆ. ತೆಲುಗಿನಲ್ಲಿ ಕೊಡಲಿ ಏಟಿಗೆ, ತಮಿಳಿನಲ್ಲಿ ಲಾಕಪ್ಪಿನಲ್ಲಿ, ಮಲಯಾಳದಲ್ಲಿ ದೋಣಿ ಮಗುಚಿ, ಕನ್ನಡದಲ್ಲಿ ಹೇಗೆ ಬೇಕಾದರೂ. ತಮಿಳು ಪಕ್ಕದ ಕ್ವಾರ್ಟರ್ಸಿನವರಿಂದ, ತೆಲುಗು ಕಾರ್ಖಾನೆ ಕ್ಯಾಂಟೀನಿನಲ್ಲಿ ಕಲಿತದ್ದಂತೆ. ಎಲ್ಲ ಭಾಷೆಯಲ್ಲೂ ಅವರದೇ ದನಿ. ಬಸ್ ಸ್ಟ್ಯಾಂಡಿನಲ್ಲಿ ಜನ ಓಡಿ ಬಂದು ಸೆಲ್ಫಿ ತೆಗೆದುಕೊಂಡು, ಆಮೇಲೆ "ಸಾರ್, ನಿಮ್ ಹೆಸ್ರೇನು?" ಎನ್ನುತ್ತಾರೆ. ಮಾವ "ಹಾಲಸ್ವಾಮಿ" ಎಂದು ಪ್ರತಿ ಸಲವೂ ಖುಷಿಯಿಂದಲೇ ಹೇಳುತ್ತಾರೆ.

ಅತ್ತೆ ಮಾತ್ರ ಗಂಡನ ಒಂದು ಸಿನಿಮಾದ ಕೊನೆಯನ್ನೂ ಪೂರ್ತಿ ನೋಡಿದವರಲ್ಲ. ಅವರು ಸಾಯುವುದನ್ನು ತಾಳಿ ಕಟ್ಟಿಸಿಕೊಂಡವಳು ನೋಡಬಾರದಂತೆ. ಇಂಟರ್ವಲ್‌ಗೆ ಎದ್ದು ಹೋಗಿ ಸ್ಕೂಟರ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂರುವುದು ರೂಢಿ.

ನಿನ್ನೆ ಶಿವಮೊಗ್ಗದಲ್ಲಿ ಹೊಸ ಸಿನಿಮಾ ರಿಲೀಸ್. ಎಲ್ಲರೂ ಸಂಜೆ ಆಟಕ್ಕೆ ಹೋದೆವು. "ಈ ಸಲ ಸಾಯಲ್ಲ ಕಣೇ, ಕೊನೇ ಸೀನೇ ನಂದು" ಎಂದು ಇಂಟರ್ವಲ್‌ನಲ್ಲಿ ಮಾವ ಬೇಡಿಕೊಂಡರು.

"ಹಿಂದೆ ಎರಡು ಸಲ ಹಿಂಗೇ ಹೇಳಿ ಕೂರಿಸ್ಕೊಂಡು, ಸತ್ರಿ" ಎಂದು ಅತ್ತೆ ಎದ್ದೇ ಹೋದರು. ಮಾವನ ಮುಖ ಸಣ್ಣದಾಯಿತು. ಅಷ್ಟು ಜನ ತುಂಬಿದ್ದ ಥಿಯೇಟರಿನಲ್ಲಿ ಅವರಿಗೆ ಬೇಕಿದ್ದದ್ದು ಆ ಒಬ್ಬರೇ.

ನಾನು ಕರೆತರಲು ಏಳುವಷ್ಟರಲ್ಲಿ ಅತ್ತೆಯೇ ಸೆರಗು ಸರಿಮಾಡಿಕೊಳ್ಳುತ್ತ ವಾಪಸ್ ಬಂದು ಕೂತರು. ಯಾರೋ ಹೇಳಿ ಕಳಿಸಿದರಂತೆ.

ಸಿನಿಮಾದಲ್ಲಿ ಮಾವ ಮುದುಕ ಬಸ್ ಡ್ರೈವರ್. ಗೂಂಡಾಗಳು ಚಾಕು ತೆಗೆದಾಗ ಅತ್ತೆ ನನ್ನ ಕೈಯನ್ನು ಬಳೆ ಒಡೆಯುವ ಹಾಗೆ ಹಿಡಿದರು. ಮಾವ ಎಲ್ಲರನ್ನೂ ಮಲಗಿಸಿ, ರಕ್ತ ಒರೆಸಿಕೊಂಡು, ನಡೆದುಕೊಂಡೇ ಮನೆಗೆ ಬಂದು ಹೆಂಡತಿಗೆ "ಹಸಿವಾಗ್ತಿದೆ" ಎಂದರು. ಅಷ್ಟೇ.

"ಬಂದ್ರಲ್ಲ!" ಎಂದು ಅತ್ತೆ ಕೂಗಿಯೇಬಿಟ್ಟರು. ಎಲ್ಲರೂ ತಿರುಗಿ ನೋಡಿದರು, ಮಾವನನ್ನು ಗುರುತಿಸಿದರು. ಅಷ್ಟರಲ್ಲಿ ಪರದೆ ಮೇಲೆ ಅವರ ಹೆಸರೇ ಮೊದಲು ಬಂತು. ಇಡೀ ಥಿಯೇಟರ್ ಎದ್ದು ನಿಂತು "ಹಾಲಸ್ವಾಮಿ, ಹಾಲಸ್ವಾಮಿ" ಎಂದು ಕೂಗಿ ಶಿಳ್ಳೆ ಹೊಡೆಯಿತು. ಮಾವ ಮಾತ್ರ ಅತ್ತೆಯನ್ನೇ ನೋಡುತ್ತಿದ್ದರು. ಹೊರಗೆ ಸೆಲ್ಫಿಗೆ ಮುತ್ತಿಕೊಂಡವರಲ್ಲಿ ಒಬ್ಬರೂ ಹೆಸರು ಕೇಳಲಿಲ್ಲ ಅಮ್ಮಾ.

ಖುಷಿಯಲ್ಲಿ ತೇಲುತ್ತಿರುವ ನಿನ್ನ
ಚೈತನ್ಯಾ

ಮರೆತಿದ್ದೆ: ಅತ್ತೆಯನ್ನು ಒಳಗೆ ಕಳಿಸಿದ್ದು ಅಪ್ಪ. ಕಟ್ಟೆ ಹತ್ತಿರ ಬಂದು, "ಒಳಗೆ ನಡೀರಿ ಅಕ್ಕಾರೇ, ಬೀಗರು ಸಾಯಲ್ಲ. ನಾನು ಮ್ಯಾಟ್ನಿ ನೋಡಿದೀನಿ, ಇದು ಎರಡನೇ ಸಲ" ಎಂದರಂತೆ. ನಿನ್ನೆಯೆಲ್ಲ ಅಂಗಡಿಯಲ್ಲೇ ಇದ್ದೆ ಎಂದು ನಿನಗೆ ಹೇಳಿದ್ದರೆ, ನಂಬಿದ ಹಾಗೇ ಇರು.